ಮಾತಾಡದವರ ಕರೆ

"ನಿಮ್ಮ ಕೈ ನಡುಗ್ತಿದೆ."

ಹೆಡ್‌ಫೋನಿನಲ್ಲಿ ಒಂದು ಗಂಡು ಧ್ವನಿ ಹೇಳಿತು. ಮೆತ್ತಗೆ, ಪಕ್ಕದಲ್ಲೇ ಕೂತು ಹೇಳಿದ ಹಾಗೆ.

ಅವಳು ಬೆಚ್ಚಿಬಿದ್ದಳು. ಪಕ್ಕಕ್ಕೆ ನೋಡಿದಳು, ಯಾರೂ ಇಲ್ಲ. ಹಿಂದೆ ಮುಚ್ಚಿದ ಬಾಗಿಲು. ಎದುರಿಗೆ ಒಂದು ಮೇಜು, ಒಂದು ಸ್ಕ್ರೀನ್, ಗೋಡೆಯಗಲದ ಕಪ್ಪು ಗಾಜು. ಗಾಜಿನೊಳಗೆ ಅವಳದೇ ಮುಖ, ಕಣ್ಣಿದ್ದ ಕಡೆ ಎರಡು ಮಬ್ಬು ಗುಳಿ.

'ಇದು ಅಭ್ಯಾಸದ ಕರೆ. ಯಂತ್ರ ಮಾಡಿದ ಕರೆ. ಅದಕ್ಕೆ ನನ್ನ ಕೈ ಹೇಗೆ ಕಾಣುತ್ತೆ?'

"ಯಾ... ಯಾರು ಮಾತಾಡ್ತಿರೋದು?"

"ಲಿಫ್ಟಲ್ಲಿ ಸಿಕ್ಕಿಕೊಂಡಿರೋನು." ಧ್ವನಿಯಲ್ಲಿ ಸಣ್ಣ ನಗು ಇತ್ತು. "ಸಿಕ್ಕಿಕೊಂಡಿರೋನು ನಾನು. ಹೆದರ್ಬೇಕಾದೋನೂ ನಾನು. ನನ್ನ ಪಾಲಿನ ಹೆದರಿಕೆನೂ ನೀವೇ ತಗೊಂಡ್ರೆ ಹೇಗೆ ಮೇಡಂ? ಸ್ವಲ್ಪ ಉಸಿರು ಬಿಡಿ."

ಅವಳು ಉಸಿರು ಬಿಟ್ಟಳು. ಬಿಟ್ಟ ಮೇಲೆ ನಾಚಿಕೆಯಾಯಿತು. ಯಂತ್ರ ಹೇಳಿದರೆ ಉಸಿರು ಬಿಡುವಷ್ಟು ದಡ್ಡಿಯಾದೆನಾ ನಾನು!

ಆದರೆ ಕೈ ನಡುಗುವುದು ನಿಂತಿತ್ತು.

ಇಷ್ಟಕ್ಕೂ ಅವಳ ಕೈ ನಡುಗಿದ್ದಕ್ಕೆ ಕಾರಣವಿತ್ತು. ಊರಿನ ಯಾವ ಲಿಫ್ಟಿನೊಳಗೆ ಯಾರು ಸಿಕ್ಕಿಕೊಂಡು ಕೆಂಪು ಗುಂಡಿ ಒತ್ತಿದರೂ ಕರೆ ಬಂದು ಬೀಳುತ್ತಿದ್ದದ್ದು ಈ ಕಚೇರಿಗೆ. "ಹೆದರ್ಬೇಡಿ, ನಾನಿದ್ದೀನಿ" ಎಂದು ಮೆಕ್ಯಾನಿಕ್ ಬರುವವರೆಗೂ ಮಾತಾಡುತ್ತ ಇರುವುದೇ ಇವರ ಕೆಲಸ. ಇಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ, ಎಲ್ಲರೂ ಸೀಟಿನ ನಂಬರ್ ಆಗಿಹೋಗಿದ್ದರು. ಇವಳು ಹನ್ನೊಂದು.

ಈಗ ಕರೆಗಳನ್ನು ಯಂತ್ರವೇ ತೆಗೆದುಕೊಳ್ಳುತ್ತಿತ್ತು. ಹೆಣ್ಣು ಧ್ವನಿಯ ಯಂತ್ರ. ಎಲ್ಲರೂ ಅದನ್ನು 'ಹೊಸಬಳು' ಎನ್ನುತ್ತಿದ್ದರು. ಹೊಸಬಳ ಕೆಲಸವನ್ನು ಬೋರ್ಡಿನ ಮೇಲೆ ನೋಡುತ್ತ, ತಪ್ಪಿದರೆ ತಿದ್ದುವ ಮೇಲ್ವಿಚಾರಕರಷ್ಟೇ ಇನ್ನು ಮುಂದೆ ಬೇಕು. ತರಬೇತಿ ಪಾಸಾದವರಿಗೆ ಆ ಸೀಟು. ಉಳಿದವರಿಗೆ ಹೂಗುಚ್ಛ, ಹಸ್ತಲಾಘವ, ಮನೆ ದಾರಿ.

ವಾರ ಕಳೆದಂತೆ ದೊಡ್ಡ ಕೋಣೆಯಲ್ಲಿ ಕುರ್ಚಿಗಳು ಕಡಿಮೆಯಾಗುತ್ತಿದ್ದವು. ಯಾರು ಯಾವಾಗ ಒಯ್ಯುತ್ತಿದ್ದರೋ! ಬೆಳಿಗ್ಗೆ ಬಂದರೆ ನೆಲದ ಮೇಲೆ ಕಾಲುಗಳ ಗುರುತಷ್ಟೇ ಇರುತ್ತಿತ್ತು.

ಅದಕ್ಕಿಂತ ಮೈ ಜುಮ್ಮೆನ್ನಿಸುವ ಸಂಗತಿ ಇನ್ನೊಂದಿತ್ತು. ಹೊಸಬಳು ಮಾತು ಕಲಿತಿದ್ದು ಇವರೆಲ್ಲರ ಹಳೆಯ ಕರೆಗಳನ್ನು ಕೇಳಿ. ಒಂದನೇ ಸೀಟಿನಲ್ಲಿ ಕೂರುತ್ತಿದ್ದ ವಯಸ್ಸಾದ ಅಮ್ಮ ತೀರಿಕೊಂಡು ವರ್ಷವಾಗಿತ್ತು. ಒಂದು ದಿನ ಹೊಸಬಳು ಯಾರದೋ ಕರೆ ಮುಗಿಸುವಾಗ ಆ ಅಮ್ಮನ ಹಾಗೇ ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡು ಕಂದ" ಎಂದುಬಿಟ್ಟಳು. ಕೋಣೆಯಲ್ಲಿದ್ದವರೆಲ್ಲ ಖಾಲಿ ಒಂದನೇ ಸೀಟಿನ ಕಡೆಗೆ ತಿರುಗಿದ್ದರು. ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಹನ್ನೆರಡನೇ ಸೀಟಿನ ಗೆಳತಿಗೆ ಮಾತ್ರ ಯಾವ ಭಯವೂ ಇರಲಿಲ್ಲ. ಅವಳಿಗೆ 'ವಟವಟ' ಎಂದೇ ಅಡ್ಡಹೆಸರು.

"ಏ ಹನ್ನೊಂದು, ದೆವ್ವ ನೋಡಿದೋರ ಹಾಗೆ ಬರ್ತಿದ್ದೀಯಲ್ಲೇ! ಏನಾಯ್ತು?"

"ಅಭ್ಯಾಸದ ಕರೆ... ನನ್ನ ಜೊತೆ ಮಾತಾಡ್ತು ಕಣೇ."

"ಮತ್ತೆ? ಕರೆ ಅಂದ್ಮೇಲೆ ಮಾತಾಡ್ದೆ ಹಾಡು ಹೇಳುತ್ತಾ? ಕ್ಯಾಮೆರಾ ಇದೆ, ಮುಖ ನೋಡಿ ಪ್ರಶ್ನೆ ಬದಲಾಯಿಸುತ್ತೆ ಅಂತ ಮ್ಯಾನೇಜರ್ ಹೇಳಿರ್ಲಿಲ್ವಾ? ಭಯ ಪಡ್ಬೇಕಾದ್ದು ಅದಕ್ಕಲ್ಲ. ಗಾಜಿನ ಹಿಂದೆ ಕೂತು ಮಾರ್ಕ್ಸ್ ಹಾಕ್ತಾನಲ್ಲ, ಆ ಗುಮ್ಮಂಗೆ!"

ಗುಮ್ಮ ಎಂದರೆ ಮುಖ್ಯ ಕಚೇರಿಯಿಂದ ಬಂದಿದ್ದ ತರಬೇತುದಾರ. ಎತ್ತರದ, ತೆಳ್ಳನೆಯ ಮನುಷ್ಯ. ಸೆಖೆಯಲ್ಲೂ ಕುತ್ತಿಗೆಗೆ ಬೂದು ಬಣ್ಣದ ಮಫ್ಲರ್. ಬಂದ ದಿನದಿಂದ ಒಬ್ಬರ ಜೊತೆಯೂ ಒಂದು ಮಾತಾಡಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಸ್ಕ್ರೀನಿನ ಮೇಲೆ ಬರೆಯುತ್ತಿದ್ದ. 'ಮತ್ತೊಮ್ಮೆ ಮಾಡಿ.' 'ಸರಿ.' 'ನಾಳೆ.' ಅಷ್ಟೇ. "ಅವರು ಮಾತು ಸ್ವಲ್ಪ ಕಡಿಮೆ" ಎಂದು ಮ್ಯಾನೇಜರ್ ಪರಿಚಯಿಸಿದ್ದರು. ಸ್ವಲ್ಪ ಕಡಿಮೆಯಂತೆ!

ನೀರಿನ ಫಿಲ್ಟರ್ ಹತ್ತಿರ ಒಮ್ಮೆ ಅವನು ಎದುರಾದಾಗ ಇವಳೇ ಧೈರ್ಯ ಮಾಡಿ ಕೇಳಿದ್ದಳು.

"ಸರ್, ನನ್ನ ಮಾರ್ಕ್ಸು ಹೇಗಿದೆ?"

ಅವನು ಅವಳನ್ನೇ ನೋಡಿದ. ಬಾಯಿ ತೆರೆದ. ಏನೋ ಹೇಳುವವನಂತೆ ಒಂದು ಕ್ಷಣ ನಿಂತು, ಬಾಯಿ ಮುಚ್ಚಿಕೊಂಡು ಹೊರಟೇಹೋದ.

'ಎಷ್ಟು ಕೊಬ್ಬು! ಮಾತಾಡಿದ್ರೆ ಮುತ್ತು ಉದುರಿಹೋಗುತ್ತಾ ಇವನಿಗೆ?'

ಆ ದಿನದಿಂದ ಅವಳಿಗೆ ಗುಮ್ಮನನ್ನು ಕಂಡರಾಗುತ್ತಿರಲಿಲ್ಲ. ಆದರೆ ಅವನ ಯಂತ್ರದ ಆ ಧ್ವನಿ... ಅದರ ಮಾತೇ ಬೇರೆ ಬಿಡಿ.

ದಿನಾ ಮಧ್ಯಾಹ್ನ ಅಭ್ಯಾಸದ ಕೋಣೆಗೆ ಹೋಗುವಾಗ ಅವಳ ಎದೆ ಢವಢವ ಎನ್ನುತ್ತಿತ್ತು. ಅರ್ಧ ಹೆದರಿಕೆ. ಇನ್ನರ್ಧ ಏನೆಂದು ಅವಳು ತನ್ನನ್ನೇ ಕೇಳಿಕೊಳ್ಳಲು ಹೋಗಲಿಲ್ಲ.

"ಬಂದ್ರಾ?" ಎನ್ನುತ್ತಿತ್ತು ಧ್ವನಿ, ಹೆಡ್‌ಫೋನ್ ಕಿವಿಗೆ ತಾಗುವ ಮೊದಲೇ.

ಬೋರ್ಡಿನ ಮೇಲೆ ಒಂದೇ ಸಲಕ್ಕೆ ಆರೇಳು ಕರೆ ನೋಡುವುದು ಅವಳಿಗೆ ಬರುತ್ತಿರಲಿಲ್ಲ. ಒಂದರ ಕಷ್ಟ ಕೇಳುತ್ತ ಕೂತರೆ ಉಳಿದವು ಕೆಂಪಾಗಿಬಿಡುತ್ತಿದ್ದವು. ಆ ಧ್ವನಿಯೇ ಅವಳಿಗೆ ಕಲಿಸಿತು. "ಅಡುಗೆ ಮನೆಯಲ್ಲಿ ಒಂದೊಲೆಯಲ್ಲಿ ಹಾಲಿಟ್ಟು, ಇನ್ನೊಂದರಲ್ಲಿ ಅನ್ನ ಇಟ್ಟು, ತರಕಾರಿ ಹೆಚ್ಚಲ್ವಾ? ಹಾಲಿನ ಮೇಲೊಂದು ಕಣ್ಣಿರುತ್ತೆ ತಾನೇ? ಇದೂ ಅಷ್ಟೇ." ಅಂದಿನಿಂದ ಉಕ್ಕುವ ಕರೆ ಯಾವುದು, ಸುಮ್ಮನೆ ಬೇಯುವ ಕರೆ ಯಾವುದು ಅವಳಿಗೆ ಕಾಣತೊಡಗಿತು. ಮಾರ್ಕ್ಸು ಏರಿತು.

ಒಮ್ಮೊಮ್ಮೆ ಅದು ಮೈ ಚಳಿ ಹಿಡಿಸುತ್ತಿತ್ತು. ಒಂದು ದಿನ ಕರೆ ಮುಗಿದು ಸ್ಕ್ರೀನ್ ಆರಿಹೋಗಿತ್ತು. ಅವಳು ಹೆಡ್‌ಫೋನ್ ತೆಗೆಯಲು ಕೈಯೆತ್ತಿದಾಗ, ಕತ್ತಲೆಯಾದ ಸ್ಕ್ರೀನಿನಿಂದ ಧ್ವನಿ ಬಂತು.

"ಇವತ್ತು ಅತ್ತಿದ್ದೀರಾ?"

ಅವಳು ಎತ್ತಿದ ಕೈ ಇಳಿಸಿದಳು. ಬೆಳಿಗ್ಗೆ ಅಣ್ಣ ಅಂದಿದ್ದ: "ಕೆಲಸ ಹೋದ್ರೆ ಹೋಗ್ಲಿ ಬಿಡೆ, ಎರಡು ಹೊತ್ತು ಊಟ ನಾನು ಹಾಕಲ್ವಾ?" ಪ್ರೀತಿಯಿಂದಲೇ ಅಂದಿದ್ದ. ಆದರೆ ಅದೇ ಅವಳಿಗೆ ಚುಚ್ಚಿತ್ತು. ಇಷ್ಟು ವರ್ಷ ಅಣ್ಣನ ಮನೆಯಲ್ಲಿ ಅವಳು ತಲೆಯೆತ್ತಿ ಊಟ ಮಾಡಿದ್ದು ತನ್ನ ದುಡಿಮೆಯ ಬಲದಿಂದ. ಸೀಟು ಹೋದರೆ ಅದೇ ತಟ್ಟೆ, ಅದೇ ಅನ್ನ, ಆದರೆ ಗಂಟಲಲ್ಲಿ ಇಳಿಯುತ್ತದೆಯೇ?

ಅವಳು ಇದನ್ನೆಲ್ಲ ಹೇಳಿಬಿಟ್ಟಳು. ಯಂತ್ರ ತಾನೇ! ಗೋಡೆಗೆ ಹೇಳಿದ ಹಾಗೆ.

ಗೋಡೆ ಅಂದಿತು: "ನಿಮ್ಮ ಸೀಟು ಉಳಿಯುತ್ತೆ. ನಾನು ಕಲಿಸ್ತೀನಿ."

ಮನೆಯಲ್ಲಿ ಅತ್ತಿಗೆ ಬಟ್ಟೆ ಮಡಿಸುತ್ತ ಓರೆಗಣ್ಣಲ್ಲಿ ನೋಡಿದಳು.

"ಏನಮ್ಮ, ಒಬ್ಬಳೇ ನಗ್ತಿದ್ದೀಯ? ಯಾರೇ ಅದು?"

"ಯಾರೂ ಇಲ್ಲ ಅತ್ತಿಗೆ!"

"ಯಾರೂ ಇಲ್ದೆ ಇದ್ರೆ ನಿಮ್ಮಣ್ಣನ ಅಂಗೀನ ಯಾಕೆ ಮೂರು ಸಲ ಮಡಿಸ್ತಿದ್ದೀಯ?"

ನಿಜಕ್ಕೂ ಯಾರೂ ಇಲ್ಲ ಎಂದು ಅತ್ತಿಗೆಗೆ ಹೇಗೆ ಹೇಳುವುದು? ಆ ಧ್ವನಿಗೆ ಮುಖವಿಲ್ಲ, ಮೈಯಿಲ್ಲ, ಮನೆಯಿಲ್ಲ. ಹುಚ್ಚು ಹಿಡಿದಿದೆ ನನಗೆ, ಎಂದುಕೊಂಡಳು. ದೆವ್ವ ಮೆಟ್ಟಿಕೊಂಡರೂ ಮಂತ್ರ ಹಾಕಿಸಬಹುದು, ಇದಕ್ಕೆ ಯಾರ ಹತ್ತಿರ ಹೋಗುವುದು?

ಅವರಿಬ್ಬರ ನಡುವೆ ಒಂದೇ ಒಂದು ವಿಷಯಕ್ಕೆ ಜಗಳವಾಗುತ್ತಿತ್ತು. ಮೌನದ ಕರೆಗಳು.

ಗುಂಡಿ ಒತ್ತುತ್ತಾರೆ, ಮಾತಾಡುವುದಿಲ್ಲ. ಬರೀ ಗಾಳಿಯ ಸದ್ದು. ಮುಖ್ಯ ಕಚೇರಿಯ ನಿಯಮದ ಪ್ರಕಾರ ಹೊಸಬಳು ಎರಡು ಸಲ "ದಯವಿಟ್ಟು ಮಾತಾಡಿ" ಎಂದು ಹೇಳಿ, ತಪ್ಪಿ ಒತ್ತಿದ್ದೆಂದು ಬರೆದು ಕರೆ ಮುಚ್ಚುತ್ತಿದ್ದಳು. ಮೇಲ್ವಿಚಾರಕರು ಅದನ್ನು ಮುಟ್ಟಬಾರದು. ಇವಳು ಮಾತ್ರ ಪ್ರತಿಸಲ ಮುಚ್ಚಿದ ಕರೆಯನ್ನು ತೆರೆದುಬಿಡುತ್ತಿದ್ದಳು. ಸ್ಕ್ರೀನು ಪ್ರತಿಸಲ ಅವಳ ಮಾರ್ಕ್ಸು ಕಡಿಯುತ್ತಿತ್ತು.

"ಮುಚ್ಚಿಬಿಡಿ," ಎಂದಿತು ಧ್ವನಿ. "ನೂರರಲ್ಲಿ ತೊಂಬತ್ತು ಮಕ್ಕಳಾಟ."

"ಉಳಿದ ಹತ್ತು?"

"ನಿಯಮ ಅಂದ್ರೆ ನಿಯಮ."

"ಬಾಯಿ ಬರದೋರು ಲಿಫ್ಟ್ ಹತ್ತೋದೇ ಇಲ್ವಾ? ಹೆದರಿಕೆಗೆ ನಾಲಿಗೆ ಬಿದ್ದುಹೋದೋರು? ನಿಮಗೇನು ಗೊತ್ತು, ನೀವು ಯಂತ್ರ! ಕೂಗೋಕೆ ಬಾಯಿ ತೆರೆದು, ಧ್ವನಿ ಬರ್ದೇ ಹೋದ್ರೆ ಹೇಗಿರುತ್ತೆ ಅಂತ ನಿಮಗೇನು ಗೊತ್ತು?"

ಕಪ್ಪು ಗಾಜಿನ ಆಚೆ ಏನೋ ಸರಿದ ಹಾಗಾಯಿತು.

"ಗೊತ್ತು," ಎಂದಿತು ಧ್ವನಿ.

ಅವಳ ತೋಳಿನ ಮೇಲೆ ರೋಮಗಳು ನಿಂತವು.

"ಆದ್ರೂ ಪರೀಕ್ಷೆ ದಿನ ಮುಚ್ಚಿಬಿಡಿ," ಧ್ವನಿ ಬೇಡಿಕೊಂಡಿತು. "ಮ್ಯಾನೇಜರ್ ಎದುರಿಗೇ ಇರ್ತಾರೆ. ಒಂದು ಮೌನದ ಕರೆ ತೆರೆದ್ರೂ ನಿಮ್ಮನ್ನ ಫೇಲ್ ಮಾಡ್ತಾರೆ. ನಿಮ್ಮ ಸೀಟು ಹೋಗುತ್ತೆ. ನನಗೋಸ್ಕರ... ಮುಚ್ಚಿಬಿಡಿ. ಮಾತು ಕೊಡಿ."

ನನಗೋಸ್ಕರ! ಯಂತ್ರಕ್ಕೂ ಒಂದು 'ನಾನು' ಇರುತ್ತದೆಯೇ?

ಅವಳು ಮಾತು ಕೊಟ್ಟಳು. ಕೊಟ್ಟವಳು ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಕಣ್ಣು ತುಂಬಿ ಬಂದಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ, ಬಾಯಿಗೆ ಬಂದದ್ದು ಬಂದೇಬಿಟ್ಟಿತು.

"ನೀವು ಮನುಷ್ಯ ಆಗಿದ್ದಿದ್ರೆ... ನಾನೇ ಬಂದು ಕೇಳ್ತಿದ್ದೆ. ನನ್ನ ಮದುವೆ ಆಗ್ತೀರಾ ಅಂತ."

ಹೇಳಿ, ಹೆಡ್‌ಫೋನ್ ಕಿತ್ತಿಟ್ಟು, ಉತ್ತರಕ್ಕೂ ಕಾಯದೆ ಓಡಿದಳು.

ಓಡುವ ಭರದಲ್ಲಿ ಬ್ಯಾಗು ಅಲ್ಲೇ ಉಳಿಯಿತು. ಮೆಟ್ಟಿಲವರೆಗೆ ಹೋದವಳು ನೆನಪಾಗಿ ತಿರುಗಿ ಬಂದಳು. ಆ ದಿನ ಅಭ್ಯಾಸ ಬಹಳ ಹೊತ್ತು ನಡೆದು ಸಂಜೆಯಾಗಿತ್ತು, ಎಲ್ಲರೂ ಹೊರಟುಹೋಗಿದ್ದರು. ಕಾರಿಡಾರಿನ ಅರ್ಧ ದೀಪಗಳು ಆರಿದ್ದವು.

ಅಭ್ಯಾಸದ ಕೋಣೆಯ ಹಿಂದಿನ ಬಾಗಿಲು, ಎಂದೂ ತೆರೆಯದ್ದು, ಕೊಂಚ ತೆರೆದಿತ್ತು. ಒಳಗಿನಿಂದ ಅದೇ ಧ್ವನಿ ಬರುತ್ತಿತ್ತು.

"ನಾನು ಯಂತ್ರ ಅಲ್ಲ."

ಅವಳು ಅಲ್ಲೇ ನಿಂತಳು.

"ನಾನು... ಯಂತ್ರ ಅಲ್ಲ." ಮತ್ತೆ ಮೊದಲಿನಿಂದ ಶುರು ಮಾಡಿತು. "ನಿಮಗೊಂದು ವಿಷಯ ಹೇಳ್ಬೇಕು. ನಾನು ಯಂತ್ರ ಅಲ್ಲ ರೀ. ದಯವಿಟ್ಟು ಹೆದರ್ಬೇಡಿ. ನಾನು ಯಂತ್ರ ಅಲ್ಲ."

ಕತ್ತಲ ಕೋಣೆಯಲ್ಲಿ ಯಂತ್ರವೊಂದು ತಾನು ಯಂತ್ರವಲ್ಲವೆಂದು ಬಾಯಿಪಾಠ ಮಾಡುತ್ತಿತ್ತು! ಕೂಗಿಕೊಂಡು ಓಡಿಹೋಗಬೇಕಿತ್ತು ಅವಳು. ಆದರೆ ಕೈ ತಾನಾಗಿ ಬಾಗಿಲು ತಳ್ಳಿತು.

ಗಾಜಿನ ಹಿಂದೆ ಗುಮ್ಮ ಕೂತಿದ್ದ. ತೊಡೆಯ ಮೇಲೆ ಟ್ಯಾಬ್ಲೆಟ್. ಬೆರಳುಗಳು ಅದರ ಮೇಲೆ ಓಡುತ್ತಿದ್ದವು. ತುಟಿ ಅಲುಗುತ್ತಿರಲಿಲ್ಲ. ಧ್ವನಿ ಮಾತ್ರ ಟ್ಯಾಬ್ಲೆಟ್ಟಿನಿಂದ ಬರುತ್ತಲೇ ಇತ್ತು.

"ನಾನು ಯಂತ್ರ ಅ—"

ಅವನು ತಲೆಯೆತ್ತಿದ.

ಅವಳು ಅವನನ್ನೂ ಟ್ಯಾಬ್ಲೆಟ್ಟನ್ನೂ ನೋಡಿದಳು. ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಕೈ ನಡುಗಿದ್ದು, ಅತ್ತಿದ್ದು, ಅಣ್ಣನ ಮಾತು, ಇದೀಗ ಹೇಳಿ ಓಡಿದ ಆ ಮಾತು... ಮಾನ ಮೂರು ಕಾಸಿಗೆ ಹೋಯಿತಲ್ಲ!

"ನೀವಾ?"

ಅವನು ಎದ್ದು ನಿಂತ.

"ಇಷ್ಟು ದಿನ ಗಾಜಿನ ಹಿಂದೆ ಕೂತು ನನ್ನ ಆಟ ನೋಡ್ತಿದ್ರಾ? ಪಾಪ ಅಂತ ಪಾಸ್ ಮಾಡಿಸ್ತಿದ್ರಾ? ಒಂದು ಮಾತು ಹೇಳ್ಬಾರ್ದಿತ್ತಾ? ನೀರಿನ ಹತ್ತಿರ ಕೇಳಿದಾಗ ಬಾಯಿ ಬಿಡ್ಲಿಲ್ಲ ನೀವು! ಈಗಾದ್ರೂ ಬಿಡಿ! ಮಾತಾಡಿ!"

ಅವನ ಬೆರಳು ಟ್ಯಾಬ್ಲೆಟ್ ಕಡೆ ಹೋಯಿತು.

"ಅದರಲ್ಲಲ್ಲ! ಬಾಯಲ್ಲಿ!"

ಅವನು ನಿಧಾನವಾಗಿ ಮಫ್ಲರ್ ಬಿಚ್ಚಿದ. ಕುತ್ತಿಗೆಯ ನಡುವೆ ಶಸ್ತ್ರಚಿಕಿತ್ಸೆಯ ಗಾಯ, ಸುಕ್ಕುಗಟ್ಟಿದ, ನೇರಳೆ ಬಣ್ಣದ್ದು. ಅದರ ಕೆಳಗೆ ಒಂದು ಸಣ್ಣ ರಂಧ್ರ. ಅವನು ಉಸಿರಾಡಿದಾಗ ಅಲ್ಲಿಂದ ಸಿಳ್ಳೆಯಂತೆ ತೆಳ್ಳನೆಯ ಸದ್ದು ಬಂತು.

ಅವಳಿಗೆ ಅಳು ಬಂತು. ಕನಿಕರಕ್ಕೋ, ಕೋಪಕ್ಕೋ, ತನಗೇ ತಿಳಿಯಲಿಲ್ಲ. ತಿರುಗಿ ಹೊರಟುಬಂದಳು.

ಅವನ ಕಡೆಯ ಕಥೆ ಅವಳಿಗೆ ಗೊತ್ತಿರಲಿಲ್ಲ, ನಾವು ತಿಳಿದುಕೊಳ್ಳಬಹುದು. ಗಂಟಲಿನ ಕಾಯಿಲೆಗೆ ಧ್ವನಿ ಹೋಗುತ್ತದೆಂದು ವೈದ್ಯರು ಹೇಳಿದಾಗ ಅವನು ದಿನಗಟ್ಟಲೆ ಕೂತು ತನ್ನ ಧ್ವನಿಯನ್ನು ಯಂತ್ರಕ್ಕೆ ತುಂಬಿಸಿದ್ದ. ಆಮೇಲೆ ಅದರಲ್ಲಿ ಮಾತಾಡಲು ಅವನಿಗೇ ನಾಚಿಕೆಯಾಯಿತು. ಸತ್ತವನ ಅಂಗಿ ತೊಟ್ಟ ಹಾಗೆ. ಅಭ್ಯಾಸದ ಕರೆಗಳಿಗೆ ಮಾತ್ರ ಅದನ್ನು ಕೊಟ್ಟು ಸುಮ್ಮನಾಗಿದ್ದ. ಅವಳ ಕೈ ನಡುಗುವುದನ್ನು ಕಂಡ ದಿನ ಮನಸ್ಸು ತಡೆಯದೆ ಒಂದು ಸಾಲು ಬರೆದ. ಅವಳು ಉತ್ತರ ಕೊಟ್ಟಳು! ಎಷ್ಟೋ ಕಾಲದ ನಂತರ ಯಾರೋ ಅವನ ಧ್ವನಿಗೆ ನಕ್ಕರು, ಸಿಟ್ಟಾದರು, ಜಗಳವಾಡಿದರು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ದಿನಗಳು ಹೋದವು.

ಮರುದಿನವೇ ಪರೀಕ್ಷೆ.

ದೊಡ್ಡ ಕೋಣೆಯಲ್ಲಿ ಮೂರು ಕುರ್ಚಿ ಉಳಿದಿದ್ದವು. ಮ್ಯಾನೇಜರ್ ಗಡಿಯಾರ ನೋಡುತ್ತ ನಿಂತಿದ್ದರು.

"ತರಬೇತುದಾರರು ಬರಲ್ಲ. ನಿನ್ನೆ ಸಂಜೆನೇ ಕೆಲಸ ಬಿಡ್ತೀನಿ ಅಂತ ಬರೆದು ಕಳ್ಸಿದಾರೆ. ಸಾಮಾನು ಕಟ್ಟಿಕೊಂಡು ಹೊರಟುಹೋಗಿರ್ಬೇಕು. ನಾವು ಶುರು ಮಾಡೋಣ. ಹನ್ನೊಂದು, ಕೂತ್ಕೊಳ್ಳಿ."

'ಹೋದ್ರಾ?' ಅವಳು ಕುರ್ಚಿ ಎಳೆದುಕೊಂಡಳು. 'ಹೋಗ್ಲಿ. ನನಗೇನಂತೆ!' ಆದರೆ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆಗೇ ಹೋಗುತ್ತಿತ್ತು.

ಬೋರ್ಡು ಬೆಳಗಿತು. ನಿಜವಾದ ಕರೆಗಳು. ಹೊಸಬಳು ಮಾತಾಡುತ್ತ ಹೋದಳು, ಇವಳು ನೋಡುತ್ತ ಹೋದಳು. ಉಕ್ಕುವ ಕರೆ ಬಂದಾಗ ತಾನೇ ಮಾತಾಡಿದಳು, ಮೆಕ್ಯಾನಿಕ್ ಕಳಿಸಿದಳು. ಒಂದೂ ತಪ್ಪಲಿಲ್ಲ. ಮ್ಯಾನೇಜರ್ ತಲೆದೂಗಿದರು. ಹಿಂದೆ ನಿಂತಿದ್ದ ವಟವಟ ಕಣ್ಣಲ್ಲೇ ಚಪ್ಪಾಳೆ ಹೊಡೆದಳು.

ಇನ್ನೇನು ಮುಗಿಯಬೇಕು, ಒಂದು ಹೊಸ ಕರೆ ಬಂತು.

"ನಮಸ್ಕಾರ, ನಿಮ್ಮ ತೊಂದರೆ ಹೇಳಿ," ಎಂದಳು ಹೊಸಬಳು.

ಉತ್ತರವಿಲ್ಲ.

"ದಯವಿಟ್ಟು ಮಾತಾಡಿ."

ಗಾಳಿಯ ಸದ್ದು. ಗಾಳಿಯೊಳಗೆ ಇನ್ನೇನೋ... ಸಿಳ್ಳೆಯಂತೆ ತೆಳ್ಳನೆಯ, ಹಿಡಿದು ಹಿಡಿದು ಬರುವ ಉಸಿರು.

"ದಯವಿಟ್ಟು ಮಾತಾಡಿ." ಹೊಸಬಳು ತೀರಿಹೋದ ಆ ಅಮ್ಮನ ಹಾಗೆ ನಿಟ್ಟುಸಿರಿಟ್ಟಳು. "ಹೋಗ್ಲಿ ಬಿಡು ಕಂದ."

ಕರೆ ಮುಚ್ಚಿತು. 'ತಪ್ಪಿ ಒತ್ತಿದ್ದು' ಎಂದು ಬೋರ್ಡಿನ ಮೇಲೆ ಮೂಡಿತು. ಪಕ್ಕದಲ್ಲಿ ವಿಳಾಸ: ಇದೇ ಕಟ್ಟಡ, ಸಾಮಾನು ಲಿಫ್ಟ್.

ಅವಳು ಮುಚ್ಚಿದ ಕರೆಗಳ ಸಾಲನ್ನು ಕೆಳಕ್ಕೆ ಎಳೆದಳು. ಅದೇ ಲಿಫ್ಟ್, ತಪ್ಪಿ ಒತ್ತಿದ್ದು. ಅದೇ ಲಿಫ್ಟ್, ತಪ್ಪಿ ಒತ್ತಿದ್ದು. ಬೆಳಗಿನಿಂದಲೂ ಅದೇ. ಯಾರೋ ಒತ್ತುತ್ತಲೇ ಇದ್ದರು. ಹೊಸಬಳು ಮುಚ್ಚುತ್ತಲೇ ಇದ್ದಳು.

ಅವಳ ಕೈ ಗುಂಡಿಯ ಮೇಲೆ ಹೋಯಿತು.

"ಹನ್ನೊಂದು!" ಮ್ಯಾನೇಜರ್ ಮುಂದೆ ಬಂದರು. "ಮೌನದ ಕರೆ ಅದು. ಮುಟ್ಟಿದ್ರೆ ಫೇಲ್. ನಿಮಗೆ ಗೊತ್ತಿದೆ. ಇಷ್ಟು ಚೆನ್ನಾಗಿ ಮಾಡಿದ್ದೀರಾ... ಹಾಳು ಮಾಡ್ಕೋಬೇಡಿ."

ಸೀಟು. ಅಣ್ಣನ ಮನೆಯ ಊಟದ ತಟ್ಟೆ. ಕೊಟ್ಟ ಮಾತು. ಎಲ್ಲವೂ ಒಂದೇ ಉಸಿರಿನಲ್ಲಿ ಕಣ್ಣ ಮುಂದೆ ಬಂದು ಹೋದವು.

ಅವಳು ಗುಂಡಿ ಒತ್ತಿದಳು. ಸ್ಕ್ರೀನು ಕೆಂಪಾಯಿತು.

"ಕೇಳಿಸ್ತಿದ್ಯಾ? ನಾನು... ಹನ್ನೊಂದು." ಅವಳು ಮೈಕ್ ಹತ್ತಿರ ಎಳೆದುಕೊಂಡಳು. "ನೀವೇ ಅಂತ ಗೊತ್ತು. ಮಾತಾಡ್ಬೇಡಿ. ಹೌದು ಅನ್ನೋಕೆ ಒಂದು ಸಲ ಗೋಡೆ ಬಡಿರಿ, ಇಲ್ಲ ಅನ್ನೋಕೆ ಎರಡು ಸಲ."

ದೂರದಲ್ಲಿ, ಬಾವಿಯ ತಳದಿಂದ ಬಂದಂತೆ: ಠಣ್.

ವಟವಟ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಉಸಿರಾಡೋಕೆ ಕಷ್ಟ ಆಗ್ತಿದ್ಯಾ?"

ಠಣ್.

"ಧೂಳಾ?"

ಠಣ್. ಈ ಸಲ ಮೆಲ್ಲಗೆ.

"ಮಫ್ಲರ್ ಒದ್ದೆ ಮಾಡಿ ಕುತ್ತಿಗೆ ಮೇಲೆ ಹಿಡ್ಕೊಳ್ಳಿ. ನೀರಿದ್ಯಾ?"

ಠಣ್.

ಮ್ಯಾನೇಜರ್ ಆಗಲೇ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತ ಕೆಳಕ್ಕೆ ಓಡಿದ್ದರು. ನಿಯಮದ ಮನುಷ್ಯನಾದರೂ ಕಲ್ಲೆದೆಯವರಲ್ಲ.

ಆಮೇಲೆ ಶುರುವಾಯಿತು ಕಾಯುವುದು. ಅವಳು ಮಾತಾಡುತ್ತಲೇ ಇದ್ದಳು. ಅತ್ತಿಗೆಯ ಕೀಟಲೆ, ಮೂರು ಸಲ ಮಡಿಸಿದ ಅಣ್ಣನ ಅಂಗಿ, ಏನು ತೋಚಿತೋ ಅದು. ಒಂದೊಂದು ಮಾತಿಗೂ ಆಚೆಯಿಂದ ಒಂದು ಬಡಿತ. ಬಡಿತದ ನಡುವಿನ ಅಂತರ ಮಾತ್ರ ಹೆಚ್ಚುತ್ತ ಹೋಯಿತು.

ಒಂದು ಸಲ ಬಡಿತ ಬರಲೇ ಇಲ್ಲ.

"ಇದ್ದೀರಾ?"

ಗಾಳಿ.

"ಇದ್ದೀರಾ?!"

ಆ ಸಿಳ್ಳೆಯ ಉಸಿರೂ ಕೇಳಿಸುತ್ತಿರಲಿಲ್ಲ. ಅವಳು ಎರಡೂ ಕೈಯಿಂದ ಮೈಕ್ ಹಿಡಿದುಕೊಂಡಳು. ಯಾರು ಕೇಳಿದರೆ ಏನಂತೆ!

"ನೋಡಿ... ನಿನ್ನೆ ನಾನೊಂದು ಮಾತು ಹೇಳಿ ಓಡಿಹೋದೆ. ಯಂತ್ರಕ್ಕೆ ಅಂತ ಹೇಳಿದ್ದು. ಈಗ ನಿಮಗೇ ಹೇಳ್ತಿದ್ದೀನಿ. ಗುಮ್ಮ ಅಂತ ಬೈದಿದ್ದೀನಿ, ಕೊಬ್ಬು ಅಂದಿದ್ದೀನಿ, ಎಲ್ಲ ಹೌದು. ಆದ್ರೂ ನೀವೇ ಬೇಕು ನನಗೆ. ನೀವು... ನೀವು ಉತ್ತರ ಕೊಡ್ದೆ ಹೋಗೋ ಹಾಗಿಲ್ಲ! ಹೌದಾ, ಅಲ್ವಾ? ಒಂದಾ, ಎರಡಾ? ಬಡಿರಿ!"

ಒಂದು ಕ್ಷಣ. ಇನ್ನೊಂದು.

ಠಣ್.

ಎರಡನೆಯದು ಬರುತ್ತದೇನೋ ಎಂದು ಅವಳು ಹಲ್ಲು ಕಚ್ಚಿ ಕಾದಳು. ಬರಲಿಲ್ಲ.

"ಒಂದೇ!" ಎಂದು ವಟವಟ ಕಿರುಚಿದಳು. "ಒಂದೇ ಕಣೇ!"

ಆ ಹೊತ್ತಿಗೆ ಲೈನಿನಲ್ಲಿ ಕಬ್ಬಿಣದ ಬಾಗಿಲು ಕಿರುಗುಟ್ಟುವ ಸದ್ದು, ಮೆಕ್ಯಾನಿಕ್‌ನ ಕೂಗು. "ಕೈ ಕೊಡಿ ಸರ್! ಕೈ!"

ಅವಳು ಮೆಟ್ಟಿಲಿಳಿದದ್ದು ಹೇಗೋ ಅವಳಿಗೇ ಗೊತ್ತಿಲ್ಲ. ಎರಡು ಅಂತಸ್ತಿನ ನಡುವೆ ಸಿಕ್ಕಿದ್ದ ಲಿಫ್ಟಿನಿಂದ ಅವನನ್ನು ಎಳೆದು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಳಿಗ್ಗೆ ಸಾಮಾನು ಒಯ್ಯಲು ಬಂದವನು ಟ್ಯಾಬ್ಲೆಟ್ಟನ್ನು ಗಾಜಿನ ಹಿಂದಿನ ಕೋಣೆಯಲ್ಲೇ ಬಿಟ್ಟು ಲಿಫ್ಟ್ ಹತ್ತಿದ್ದ. ತಲೆಯಿಂದ ಕಾಲಿನವರೆಗೆ ಸುಣ್ಣದ ಧೂಳು. ಕುತ್ತಿಗೆಯ ಮೇಲೆ ಒದ್ದೆ ಮಫ್ಲರ್. ಕಣ್ಣುಗಳು ಮಾತ್ರ ಅವಳು ಬರುವ ಮೆಟ್ಟಿಲನ್ನೇ ನೋಡುತ್ತಿದ್ದವು.

ಮ್ಯಾನೇಜರ್ ಬೆವರು ಒರೆಸಿಕೊಂಡು ಅವಳ ಕಡೆ ತಿರುಗಿದರು. "ಒಳ್ಳೇದೇ ಆಯ್ತು ಹನ್ನೊಂದು... ಆದ್ರೆ ಸ್ಕ್ರೀನು ಫೇಲ್ ಅಂತ ತೋರಿಸ್ತಿದೆ. ಮುಖ್ಯ ಕಚೇರಿ ನಿಯಮ. ನಾನೇನ್ ಮಾಡ್ಲಿ ಹೇಳಿ?"

ಆಗ ಅವನು ಕೈಯೆತ್ತಿದ. ಮಫ್ಲರ್ ಸರಿಸಿ, ಉಸಿರು ಬಾಯಿಗೆ ಬರುವಂತೆ ಬೆರಳಿಂದ ಕುತ್ತಿಗೆಯ ರಂಧ್ರ ಒತ್ತಿ ಹಿಡಿದು, ಬಾಯಿ ತೆರೆದ.

ಹೊರಬಂದದ್ದನ್ನು ಧ್ವನಿ ಎನ್ನುವುದು ಕಷ್ಟ. ಒಣಗಿದ ಬಾಗಿಲನ್ನು ಕಲ್ಲಿನ ನೆಲದ ಮೇಲೆ ಎಳೆದಂತಿತ್ತು. ಮೆಕ್ಯಾನಿಕ್ ತನಗೆ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ.

"ಆ ನಿಯಮ... ಬರೆದೋನು... ನಾನೇ." ಅವನು ಉಸಿರು ಎಳೆದುಕೊಂಡ. "ಆಗ ನನಗೆ... ಧ್ವನಿ ಇತ್ತು."

ಅವನು ಮ್ಯಾನೇಜರ್ ಕಡೆಗೆ ತಿರುಗಿದ.

"ತೆಗೆದುಹಾಕಿ," ಎಂದ ಅವನು. "ಇವರು... ಪಾಸ್."

ಮ್ಯಾನೇಜರ್ ಅವನನ್ನೂ ಆ ಲಿಫ್ಟನ್ನೂ ನೋಡಿದರು. ಬೆಳಿಗ್ಗೆಯಿಂದ ತಾವೇ ಅದರ ಮುಂದೆ ಎಷ್ಟು ಸಲ ಓಡಾಡಿದ್ದರು!

"ನಾನು ಬರೀತೀನಿ ಸರ್," ಎಂದರು. "ಮೌನದ ಕರೆಗೆ ಏನು ಮಾಡ್ಬೇಕು ಅಂತ ಹೊಸಬಳಿಗೆ ಹನ್ನೊಂದನೇ ಸೀಟೇ ಕಲಿಸ್ಲಿ. ಬೇರೆ ಯಾರಿಗೂ ಬರಲ್ಲ ಅದು."

ಎಲ್ಲರೂ ಮೇಲಕ್ಕೆ ಹೋದರು. ವಟವಟ ಹೋಗಲು ಒಪ್ಪಲಿಲ್ಲ, ಮ್ಯಾನೇಜರ್ ಕರೆದುಕೊಂಡು ಹೋದರು.

ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಅವನು ವಟವಟ ಮೇಲಿಂದ ತಂದುಕೊಟ್ಟಿದ್ದ ಟ್ಯಾಬ್ಲೆಟ್ ಕೈಗೆ ತೆಗೆದುಕೊಂಡ. ಅವಳು ಅದರ ಮೇಲೆ ತನ್ನ ಅಂಗೈ ಇಟ್ಟಳು.

"ಅದು ಬೇಡ."

ಅವನು ಒಲ್ಲೆನೆಂದು ತಲೆಯಾಡಿಸಿದ. ಮೆಕ್ಯಾನಿಕ್ ಹಿಂದೆ ಸರಿದದ್ದನ್ನು ಅವನೂ ನೋಡಿದ್ದ. ಟ್ಯಾಬ್ಲೆಟ್ ಒಳಗಿನ ಧ್ವನಿ ಎಷ್ಟು ಚೆಂದ, ಅವಳು ಮೆಚ್ಚಿದ್ದು ಅದನ್ನೇ ಅಲ್ಲವೇ? ಆದರೆ ಅವಳು ಕೈ ತೆಗೆಯಲಿಲ್ಲ. ಕೊನೆಗೆ ಅವನ ಬೆರಳು ಮೆಲ್ಲನೆ ಕುತ್ತಿಗೆಗೆ ಹೋಯಿತು.

"ನಿಮಗೆ... ಹೆದರಿಕೆ... ಆಗಲ್ವಾ?"

ಅವಳ ತೋಳಿನ ರೋಮಗಳು ಎದ್ದು ನಿಂತಿದ್ದವು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಆಗ್ತಿದೆ," ಎಂದಳು. ಅವನ ಧೂಳು ಮೆತ್ತಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಇನ್ನೊಂದ್ಸಲ ಮಾತಾಡಿ."